ಸ್ಟಿಯರಿಂಗ್‌ಗೆ ಮೊದಲು ಬಸ್ಸಿನ ಕಿಟಕಿ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿಮ್ಮ ಕಾಲೇಜಿನಲ್ಲಿ ರಸ್ತೆ ಸುರಕ್ಷತೆಯ ತರಗತಿ ಶುರುವಾಗುತ್ತದೆ ಅಂತ ಫೋನಿನಲ್ಲಿ ಹೇಳಿದೆ. ಅದೇ ಉಸಿರಿನಲ್ಲಿ, 'ಅಲ್ಲೇ ಎಲ್ಲ ಕಲಿಸ್ತಾರಂತೆ, ದಸರಾ ರಜೆಗೆ ಬಂದಾಗ ಸ್ಕೂಟರ್ ಕೊಡ್ತೀರಾ?' ಅಂತಲೂ ಕೇಳಿದೆ. ಫೋನಿನಲ್ಲಿ ಇಲ್ಲ ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಇಲ್ಲ ಅನ್ನುವುದಕ್ಕೆ ಕಾರಣ ಹೇಳಬೇಕು, ಹೌದು ಅನ್ನುವ ದಿನಕ್ಕೆ ತಯಾರಿಯೂ ಆಗಬೇಕು. ಅದಕ್ಕೇ ಈ ಕಾಗದ.

ಕಾನೂನಿನ ಭಾಗ ಬೇಗ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಯ ಮೇಲೆ ಗಾಡಿ ಓಡಿಸಲು 18 ತುಂಬಿರಬೇಕು. 16ಕ್ಕೇ ಲೈಸನ್ಸ್ ಸಿಗುತ್ತದೆ ಎಂದು ನಿನ್ನ ಗೆಳತಿಯರು ಹೇಳುವುದು ಸುಳ್ಳಲ್ಲ. ಆದರೆ ಅದು 50 ಸಿಸಿ ಮೀರದ ಗಾಡಿಗೆ ಮಾತ್ರ. ನಮ್ಮೂರಲ್ಲಿ ಓಡಾಡುವ ಗೇರಿಲ್ಲದ ಸ್ಕೂಟರ್‌ಗಳು ಹೆಚ್ಚುಕಡಿಮೆ ಎಲ್ಲವೂ 110 ಅಥವಾ 125 ಸಿಸಿ. ಆ ಲೈಸನ್ಸ್ ಇಟ್ಟುಕೊಂಡು ಇವನ್ನು ಓಡಿಸಿದರೆ ಲೈಸನ್ಸ್ ಇಲ್ಲದೆ ಓಡಿಸಿದ ಹಾಗೆಯೇ. 2019ರ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಮಗುವಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಕೊನೆಯದು. ರೈಲೇ ಇಲ್ಲದ, ಕೊನೆಯ ಬಸ್ಸು ಸಂಜೆಗೇ ಹೊರಟುಬಿಡುವ ನಮ್ಮ ಕೊಡಗು ಜಿಲ್ಲೆಯಲ್ಲಿ ಆ ಏಳೆಂಟು ವರ್ಷ ಇನ್ನೊಬ್ಬರ ಗಾಡಿಗೆ ಕಾಯಬೇಕು.

ಲೈಸನ್ಸ್ ಬೇಡದ ಎಲೆಕ್ಟ್ರಿಕ್ ಸ್ಕೂಟರ್ ಇದೆಯಲ್ಲ ಅಂತ ನೀನು ಕೇಳೇ ಕೇಳುತ್ತೀಯ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಮೀರುವಂತಿಲ್ಲ, ಆಗ ಮಾತ್ರ ಲೈಸನ್ಸ್ ಬೇಡ. ಬಯಲುಸೀಮೆಯಲ್ಲಿ ಅದು ಸರಿ. ನಮ್ಮಲ್ಲಿ ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆ ಸಾಮಾನ್ಯ. ನೀನೂ ಗಾಡಿಯೂ ಸೇರಿ 120 ಕಿಲೋ ಅಂದುಕೊಂಡರೆ 250 ವ್ಯಾಟ್ ನಿನ್ನನ್ನು ಎಳೆಯುವುದು ಗಂಟೆಗೆ 7 ಕಿ.ಮೀ. ವೇಗದಲ್ಲಿ, ಅಂದರೆ ಜೋರಾಗಿ ನಡೆಯುವಷ್ಟು. ಏರು ಹತ್ತುವುದಿಲ್ಲ ಅಂತ ವೇಗದ ಮಿತಿಯ ವೈರು ಬಿಚ್ಚಿಸಿಕೊಂಡರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನ. ಆಗ ಲೈಸನ್ಸು, ನೋಂದಣಿ, ವಿಮೆ ಎಲ್ಲ ಬೇಕು.

ಈಗ ನಿನ್ನ ತರಗತಿಯ ವಿಷಯ. ಶಾಲೆಯಲ್ಲೇ ಚಾಲನೆ ಕಲಿಸುವುದನ್ನು ಅಮೆರಿಕದವರು 1930ರ ದಶಕದಲ್ಲೇ ಶುರುಮಾಡಿದರು. ಅದರಿಂದ ಅಪಘಾತ ಕಡಿಮೆಯಾಯಿತೇ ಎಂದು ದೊಡ್ಡ ಮಟ್ಟದಲ್ಲಿ ಪರೀಕ್ಷೆ ನಡೆದದ್ದು ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ, 1970ರ ದಶಕದ ಕೊನೆಯ ಹೊತ್ತಿಗೆ. ಸುಮಾರು 16,000 ವಿದ್ಯಾರ್ಥಿಗಳು. ಕೆಲವರಿಗೆ ಉದ್ದದ ಕೋರ್ಸ್, ಕೆಲವರಿಗೆ ಚಿಕ್ಕದು, ಕೆಲವರಿಗೆ ಏನೂ ಇಲ್ಲ. ಕಲಿತವರಿಗೂ ಕಲಿಯದವರಿಗೂ ಅಪಘಾತದಲ್ಲಿ ಕಂಡ ವ್ಯತ್ಯಾಸ ಸಣ್ಣದು, ಅದೂ ಕೆಲವೇ ತಿಂಗಳಲ್ಲಿ ಕರಗಿಹೋಯಿತು. ನಾರ್ವೆಯಲ್ಲಿ ಇನ್ನೂ ವಿಚಿತ್ರ: ಜಾರುವ ರಸ್ತೆಯಲ್ಲಿ ಗಾಡಿ ಸಂಭಾಳಿಸುವ ತರಬೇತಿಯನ್ನು 1979ರಲ್ಲಿ ಕಡ್ಡಾಯ ಮಾಡಿದರು, ಹುಡುಗರ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಯಿತು. ಜಾರಿದರೂ ಸರಿಮಾಡಿಕೊಳ್ಳಬಲ್ಲೆ ಎಂಬ ಧೈರ್ಯ ಬಂತು, ಕಾಲು ಆಕ್ಸಿಲರೇಟರ್ ಮೇಲೆ ಭಾರವಾಯಿತು.

ಹಾಗಾದರೆ ತರಗತಿ ದಂಡವೇ? ಅಲ್ಲ. ಕೈಕಾಲಿನ ಕೆಲಸ ಹತ್ತು ದಿನದಲ್ಲಿ ಬರುತ್ತದೆ. ಕಣ್ಣಿನ ಕೆಲಸಕ್ಕೆ ವರ್ಷಗಳು ಬೇಕು. ಎಲ್ಲಿ ನೋಡಬೇಕು, ನೋಡಿದ್ದರಿಂದ ಮುಂದೇನಾಗಬಹುದು ಎಂದು ಊಹಿಸುವುದು ಹೇಗೆ ಎನ್ನುವುದನ್ನು ಕಲಿಯಲು ಸ್ಟಿಯರಿಂಗ್ ಬೇಕಾಗಿಲ್ಲ, 18 ಆಗಬೇಕಾಗಿಲ್ಲ. ಬ್ರಿಟನ್ನಿನವರು 2002ರಿಂದ ಲೈಸನ್ಸ್ ಪರೀಕ್ಷೆಯಲ್ಲಿ ಇದನ್ನೇ ಬೇರೆಯಾಗಿ ಅಳೆಯುತ್ತಾರೆ. ಪರದೆಯ ಮೇಲೆ ರಸ್ತೆಯ ವಿಡಿಯೊ ಓಡುತ್ತದೆ, ಅಪಾಯ ಹುಟ್ಟುತ್ತಿದೆ ಅನ್ನಿಸಿದ ಕ್ಷಣ ಗುಂಡಿ ಒತ್ತಬೇಕು. ನಿನಗೆ ಆ ಪರದೆ ಬೇಡ. ಪ್ರತಿ ಶನಿವಾರ ಗೋಣಿಕೊಪ್ಪದಿಂದ ವಿರಾಜಪೇಟೆ, ಬೇತ್ರಿ, ಮೂರ್ನಾಡು ದಾಟಿ ಮಡಿಕೇರಿಗೆ ಬರುವ ಬಸ್ಸಿದೆ. ಬಲಗಡೆ ಮುಂದಿನ ಸೀಟು ಹಿಡಿ, ಫೋನು ಚೀಲದಲ್ಲಿಡು.

ಮೂರು ಪ್ರಶ್ನೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಾ: ಏನು ಕಾಣುತ್ತಿದೆ, ಅದರಿಂದ ಏನಾಗಬಹುದು, ನಾನಾಗಿದ್ದರೆ ಈಗ ಏನು ಮಾಡುತ್ತಿದ್ದೆ. ತೋಟದ ಗೇಟು ತೆರೆದಿದೆ, ಡಾಂಬರಿನ ಮೇಲೆ ಹಸಿ ಕೆಸರಿನ ಟೈರ್ ಗುರುತಿದೆ: ಈಗಷ್ಟೇ ಜೀಪೋ ಟ್ರ್ಯಾಕ್ಟರೋ ಹೊರಬಂದಿದೆ, ಮುಂದಿನ ತಿರುವಿನಲ್ಲಿ ನಿಧಾನವಾಗಿ ಹೋಗುತ್ತಿರಬಹುದು, ಕೆಸರಿನ ಮೇಲೆ ಸ್ಕೂಟರ್ ಜಾರುತ್ತದೆ. ನಿಂತ ಬಸ್ಸಿನ ಅಡಿಯಲ್ಲಿ ಪುಟ್ಟ ಕಾಲುಗಳು ಕಾಣುತ್ತಿವೆ: ಮಗು ಮುಂಭಾಗದಿಂದ ರಸ್ತೆಗೆ ಓಡಬಹುದು. ನಿಲ್ಲಿಸಿದ ಕಾರಿನ ಮುಂದಿನ ಚಕ್ರ ರಸ್ತೆಯ ಕಡೆಗೆ ತಿರುಗಿದೆ: ಹೊರಡುವ ಸೂಚನೆ, ಇಂಡಿಕೇಟರ್ ಹಾಕುತ್ತಾನೆ ಎಂದು ನಂಬಬೇಡ. ರಾತ್ರಿಯಾದರೆ ತಿರುವಿನಾಚೆಯ ಸಿಲ್ವರ್ ಓಕ್ ಕಾಂಡಗಳನ್ನು ನೋಡು. ಎದುರಿನ ಗಾಡಿ ಕಾಣುವ ಮೊದಲೇ ಅದರ ಬೆಳಕು ಮರಗಳ ಮೇಲೆ ಹರಿದಾಡುತ್ತದೆ. ನೀನು ಊಹಿಸಿದ್ದಕ್ಕೂ ಬಸ್ಸಿನ ಚಾಲಕ ಮಾಡಿದ್ದಕ್ಕೂ ತಾಳೆ ನೋಡು. ನೀನು ಗಮನಿಸದೆ ಇದ್ದಾಗ ಅವನು ಬ್ರೇಕ್ ಒತ್ತಿದರೆ, ಅವನಿಗೆ ಕಂಡದ್ದು ನಿನಗೆ ಕಾಣಲಿಲ್ಲ ಎಂದರ್ಥ. ಅದೇನೆಂದು ಹುಡುಕು.

ಕಾಲೇಜಿನಲ್ಲಿ ಬರಿ ಫಲಕಗಳ ಚಿತ್ರ ತೋರಿಸಿ, ಪ್ರತಿಜ್ಞೆ ಬೋಧಿಸಿ ಕಳಿಸಿದರೆ ನೀವೇ ಮೇಷ್ಟ್ರಿಗೆ ಕೇಳಿ, ಮೈದಾನದಲ್ಲಿ ಎರಡು ಪ್ರಯೋಗ ಮಾಡಿಸಿ. ಒಂದು, ಹಗ್ಗದ ಪ್ರಯೋಗ. ಅದಕ್ಕೆ ಮೊದಲು 30 ಸೆಂಟಿಮೀಟರಿನ ಸ್ಕೇಲು: ಒಬ್ಬಳು ಮೇಲಿಂದ ಬಿಡಲಿ, ಇನ್ನೊಬ್ಬಳು ಹಿಡಿಯಲಿ. 20 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ 0.2 ಸೆಕೆಂಡ್ ಆಯಿತು. ಅದು ಬೀಳುತ್ತದೆ ಎಂದು ಗೊತ್ತಿದ್ದು, ಕೈ ತೆರೆದು ಕಾಯುತ್ತಿದ್ದಾಗಿನ ಲೆಕ್ಕ. ರಸ್ತೆಯಲ್ಲಿ ಮೊದಲು ಕಾಣಬೇಕು, ಅದೇನೆಂದು ತಿಳಿಯಬೇಕು, ಆಮೇಲೆ ಕಾಲು ಆಕ್ಸಿಲರೇಟರ್‌ನಿಂದ ಬ್ರೇಕಿಗೆ ಹೋಗಬೇಕು, 1.5 ಸೆಕೆಂಡ್ ಎಂದಿಟ್ಟುಕೊಳ್ಳುವುದು ರೂಢಿ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಬ್ರೇಕ್ ಮುಟ್ಟುವ ಮೊದಲೇ ಸುಮಾರು 17 ಮೀಟರ್ ಹೋಗಿರುತ್ತದೆ. ಮುಟ್ಟಿದ ಮೇಲೆ ಒಣ ರಸ್ತೆಯಲ್ಲಿ 9 ಮೀಟರ್, ಒದ್ದೆ ರಸ್ತೆಯಲ್ಲಿ ಸುಮಾರು 15. ಒದ್ದೆಯಲ್ಲಿ ಒಟ್ಟು 32 ಮೀಟರ್. ಅದೇ 60ರ ವೇಗದಲ್ಲಿ ಒದ್ದೆಯಲ್ಲಿ 25 ಮತ್ತು 35, ಒಟ್ಟು 60 ಮೀಟರ್. ವೇಗ ಒಂದೂವರೆ ಪಟ್ಟಾಯಿತು, ನಿಲ್ಲುವ ದೂರ ಹೆಚ್ಚುಕಡಿಮೆ ಇಮ್ಮಡಿಯಾಯಿತು. 32 ಮೀಟರಿನದೊಂದು, 60 ಮೀಟರಿನದೊಂದು ಹಗ್ಗ ನೆಲದ ಮೇಲೆ ಹಾಸಿ, ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿದರೆ ಸಾಕು. ಕಪ್ಪುಹಲಗೆಯ ಅಂಕಿ ಯಾರಿಗೂ ನೆನಪಿರುವುದಿಲ್ಲ, ಹಗ್ಗ ನೆನಪಿರುತ್ತದೆ.

ಎರಡನೆಯದು ಕಾಲೇಜಿನ ಬಸ್ಸಿನದು. ಇಂಜಿನ್ ಆಫ್ ಮಾಡಿ ನಿಲ್ಲಿಸಿದ ಬಸ್ಸಿನ ಸುತ್ತ ಹತ್ತು ಹನ್ನೆರಡು ಮಂದಿ ನಿಂತುಕೊಳ್ಳಿ: ಬಂಪರಿಗೆ ಅಂಟಿಕೊಂಡು ಕೆಲವರು ಕುಳಿತು, ಉಳಿದವರು ಎಡಬಾಗಿಲ ಬಳಿ, ಹಿಂದೆ. ಒಬ್ಬೊಬ್ಬರಾಗಿ ಚಾಲಕನ ಸೀಟಿನಲ್ಲಿ ಕೂತು, ಕನ್ನಡಿಯಲ್ಲಿ ಎಷ್ಟು ಮಂದಿ ಕಾಣುತ್ತಾರೆ ಎಣಿಸಿ. ಬಂಪರಿನ ಮುಂದೆ ಕುಳಿತವರು, ಎಡಗಡೆ ಹತ್ತಿರ ಇರುವವರು, ನೇರ ಹಿಂದೆ ಇರುವವರು ಮಾಯ. ಆಮೇಲೆ ಬಸ್ಸು ತಿರುಗುವಾಗ ಹಿಂಚಕ್ರ ಮುಂಚಕ್ರದ ಜಾಡು ಬಿಟ್ಟು ಒಳಗೆ ಕೊಯ್ದುಕೊಂಡು ಬರುವುದನ್ನು ಸುಣ್ಣದ ಗೆರೆ ಎಳೆದು, ದೂರ ನಿಂತು ನೋಡಿ. ತಿರುವಿನಲ್ಲಿ ಬಸ್ಸಿನ ಒಳಮಗ್ಗುಲಿಗೆ ಸ್ಕೂಟರ್ ತೂರಿಸುವ ಆಸೆ ಅಲ್ಲಿಗೆ ಬಿಟ್ಟುಹೋಗುತ್ತದೆ.

ಈ ಎರಡರಿಂದ ನಮ್ಮ ರಸ್ತೆಗಳಿಗೆ ಬೇಕಾದ ಲೆಕ್ಕ ತಾನಾಗಿ ಬರುತ್ತದೆ. ಎರಡು ಗಾಡಿ ಸಲೀಸಾಗಿ ಹೋಗುವ ರಸ್ತೆಯಲ್ಲಿ, ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಲು ಆಗಬೇಕು. ಒಂದೇ ಗಾಡಿ ಹಿಡಿಸುವ ಪಂಚಾಯಿತಿ ರಸ್ತೆಯಲ್ಲಿ ಕಾಣುವುದರ ಅರ್ಧದೊಳಗೆ, ಉಳಿದರ್ಧ ಎದುರಿನವನಿಗೆ. ಕಾಫಿ ಗಿಡ ರಸ್ತೆಯ ಅಂಚಿಗೇ ಬಂದಿರುವ ತಿರುವಿನಲ್ಲಿ 30 ಮೀಟರ್ ಕಂಡರೆ ನಿನ್ನ ಪಾಲು 15 ಮೀಟರ್. ಮಳೆಯಲ್ಲಿ ಅಷ್ಟರೊಳಗೆ ನಿಲ್ಲುವ ವೇಗ 20, ಹೆಚ್ಚಿಲ್ಲ. ತಿರುವಿಗೆ ಮೊದಲೇ ಬ್ರೇಕ್ ಮುಗಿದಿರಬೇಕು, ಹಾರನ್ ತಿರುವಿನ ಒಳಗಲ್ಲ, ಮೊದಲೇ. ಹಾರನ್ ಮಾಡಿದೆ ಎಂದು ದಾರಿ ನಿನ್ನದಾಗುವುದಿಲ್ಲ. ಮಳೆ ಸದ್ದಿನಲ್ಲಿ, ಗಾಜು ಏರಿಸಿದ ಕಾರಿನಲ್ಲಿ ಅದು ಕೇಳಿಸದೇ ಇರಬಹುದು. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ನಿಯಮದಲ್ಲೂ ಇದೆ. ಏರಿನಲ್ಲಿ ನಿಂತ ಭಾರದ ಗಾಡಿ ಮತ್ತೆ ಹೊರಡುವಾಗ ಹಿಂದಕ್ಕೆ ಉರುಳುತ್ತದೆ. ಹಾಗಾಗಿ ಏರಿನಲ್ಲಿ ಲಾರಿಯ ಹಿಂದೆ ಅಂಟಿಕೊಂಡು ನಿಲ್ಲಬೇಡ, ಅದರ ಹಿಂಚಕ್ರ ನೆಲಕ್ಕೆ ತಾಗುವ ಜಾಗ ಕಾಣುವಷ್ಟು ದೂರದಲ್ಲಿರು.

ಇಳಿಜಾರು ಬೇರೆಯೇ ಪಾಠ. ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ, ವಿರಾಜಪೇಟೆಯಿಂದ ಮಾಕುಟ್ಟದ ಕಡೆ ಇಳಿಯುವಾಗ, ಹೊರಜಿಲ್ಲೆಯ ಕಾರುಗಳಿಂದ ಸುಟ್ಟ ವಾಸನೆ ಬರುತ್ತದಲ್ಲ, ಅದು ಬ್ರೇಕ್ ಪ್ಯಾಡಿನದು. ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ಇನ್ನೂ ಕಾದರೆ ಬ್ರೇಕ್ ಎಣ್ಣೆ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಆಗುತ್ತದೆ, ಆಗ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ನಮ್ಮ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಏರಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿ, ವೇಗವನ್ನು ಇಂಜಿನ್ನೇ ಹಿಡಿಯುತ್ತದೆ. ವೇಗ ಹೆಚ್ಚಾದಾಗ ಗಟ್ಟಿಯಾಗಿ ಒತ್ತಿ ಇಳಿಸು, ಪೂರ್ತಿ ಬಿಡು, ಬ್ರೇಕಿಗೆ ಆರಲು ಸಮಯ ಸಿಗಲಿ. ಪೆಟ್ರೋಲ್ ಉಳಿಯುತ್ತದೆ ಎಂದು ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಇಳಿಯುವ ಜಾಣರಿದ್ದಾರೆ. ಇಂಜಿನ್ ನಿಂತರೆ ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಸಾಲುತ್ತದೆ, ಆಮೇಲೆ ಪೆಡಲ್ ಕಲ್ಲು, ಸ್ಟಿಯರಿಂಗೂ ಬಿಗಿ.

ಸ್ಕೂಟರಿನಲ್ಲಿ ಗೇರಿಲ್ಲ, ಇಂಜಿನ್ ಹಿಡಿತವೂ ಕಡಿಮೆ. ವೇಗ ತೀರ ಇಳಿದಾಗ ಒಳಗಿನ ಕ್ಲಚ್ ಬಿಟ್ಟುಕೊಂಡು ಗಾಡಿ ತಾನಾಗಿ ಉರುಳುತ್ತದೆ. ಆದ್ದರಿಂದ ಇಳಿಜಾರಿನ ತಲೆಯಲ್ಲೇ ನಿಧಾನವಾಗಬೇಕು, ಎರಡೂ ಬ್ರೇಕ್ ಜೊತೆಯಾಗಿ ಬಿಟ್ಟುಬಿಟ್ಟು ಹಿಡಿಯಬೇಕು. ಈಗಿನ 125 ಸಿಸಿವರೆಗಿನ ಸ್ಕೂಟರ್‌ಗಳಲ್ಲಿ ಎಡ ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ವ್ಯವಸ್ಥೆ ಇರುತ್ತದೆ. ಹಾಗೆಂದು ಬಲ ಲಿವರ್ ಮರೆಯುವ ಹಾಗಿಲ್ಲ, ಬ್ರೇಕಿನ ಹೆಚ್ಚು ಬಲ ಮುಂದಿನ ಚಕ್ರದ್ದೇ. ಗಾಡಿ ವಾಲಿರುವಾಗ ಮಾತ್ರ ಅದನ್ನು ಜಗ್ಗಬೇಡ.

ಮಳೆಯ ಬಗ್ಗೆ ಕೊಡಗಿನ ಹುಡುಗಿಗೆ ಹೇಳುವುದೇನು ಅನ್ನಬೇಡ. ಜೂನ್, ಜುಲೈಯ ಜಡಿಮಳೆಗಿಂತ ಮಾರ್ಚ್, ಏಪ್ರಿಲ್‌ನಲ್ಲಿ ಬಿದ್ದು ಕಾಫಿ ಹೂ ಅರಳಿಸುವ ಹೂಮಳೆಯ ಮೊದಲ ಹದಿನೈದು ನಿಮಿಷವೇ ಹೆಚ್ಚು ಜಾರಿಸುತ್ತದೆ: ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ, ಟೈರಿನ ಪುಡಿ ನೀರಿನ ಜೊತೆ ಕಲಸಿ ಗಂಜಿಯಾಗಿರುತ್ತದೆ. ಕೊಳೆತ ಎಲೆ, ಬಿದಿರಿನ ತರಗು, ಸೇತುವೆಯ ಕಬ್ಬಿಣದ ಪಟ್ಟಿ, ರಸ್ತೆಯ ಬಿಳಿ ಬಣ್ಣ, ತಿರುವಿನಲ್ಲಿ ಚೆಲ್ಲಿದ ಡೀಸೆಲ್ಲಿನ ಕಾಮನಬಿಲ್ಲು, ಇವುಗಳ ಮೇಲೆ ಗಾಡಿ ನೆಟ್ಟಗಿರಲಿ, ಬ್ರೇಕೂ ಬೇಡ, ಆಕ್ಸಿಲರೇಟರೂ ಬೇಡ. ಕಾರಿನ ಟೈರಿನ ತೋಡು 1.6 ಮಿಲಿಮೀಟರಿಗೆ ಇಳಿದರೆ ಟೈರಿನ ಆಯುಸ್ಸು ಮುಗಿಯಿತು. ತೋಡಿನೊಳಗಿನ ಸಣ್ಣ ದಿಮ್ಮಿ ಮೇಲ್ಮೈಗೆ ಸಮವಾಗುವುದು ಅದರ ಗುರುತು. ಇಲ್ಲಿ 3 ಮಿಲಿಮೀಟರಿಗೇ ಬದಲಿಸುವುದು ಒಳ್ಳೆಯದು. ನೀರಿನ ಪದರದ ಮೇಲೆ ಟೈರ್ ತೇಲಿ ಸ್ಟಿಯರಿಂಗ್ ಹಗುರವಾದರೆ ಬ್ರೇಕ್ ಒತ್ತಬೇಡ, ಕಾಲು ತೆಗೆ, ಚಕ್ರ ನೇರ ಹಿಡಿ.

ಮಂಜಿನಲ್ಲಿ ಡಿಮ್ ಲೈಟ್. ಹೈ ಬೀಮ್ ಹಾಕಿದರೆ ಮಂಜಿಗೆ ಬಡಿದು ಬಿಳಿ ಗೋಡೆಯಾಗುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಾಳಿ ಬೇಡ, ನೀನು ಎಡಕ್ಕೋ ಬಲಕ್ಕೋ ತಿರುಗುವುದು ಹಿಂದಿನವನಿಗೆ ತಿಳಿಯುವುದಿಲ್ಲ. ಗಾಜಿನ ಒಳಗೆ ಮಸುಕಾದರೆ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಡ, ಎ.ಸಿ. ಹಾಕಿ, ಹೊರಗಾಳಿ ಬರುವ ಕಡೆಗೆ ಗುಂಡಿ ತಿರುಗಿಸಿ, ಗಾಳಿಯನ್ನು ಗಾಜಿಗೆ ಬಿಡು. ಭಾಗಮಂಡಲ, ನಾಪೋಕ್ಲು ಕಡೆ ರಸ್ತೆಯ ಮೇಲೆ ಕಾವೇರಿ ಹರಿಯುವಾಗ ಮುಂದಿನ ಜೀಪು ದಾಟಿತೆಂದು ಕಾರು ಇಳಿಸಬಾರದು. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು ಎತ್ತಬಲ್ಲದು, ಕೆಂಪು ನೀರಿನ ಅಡಿಯಲ್ಲಿ ರಸ್ತೆ ಇದೆಯೋ ಇಲ್ಲವೋ ಯಾರಿಗೆ ಗೊತ್ತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತೆಂದು ನಿನಗೆ ಹೇಳಬೇಕಿಲ್ಲ. ರಸ್ತೆ ಪಕ್ಕದ ಮಣ್ಣಿನ ಬರೆಯಿಂದ ಸಣ್ಣ ಕಲ್ಲು ಉದುರುತ್ತಿದ್ದರೆ, ಕೆಸರು ನೀರು ಹೊಸದಾಗಿ ಚಿಮ್ಮುತ್ತಿದ್ದರೆ, ಕರೆಂಟ್ ಕಂಬ ವಾಲಿದ್ದರೆ, ರಸ್ತೆಯಂಚಿನಲ್ಲಿ ಹೊಸ ಬಿರುಕು ಕಂಡರೆ ಗಾಡಿ ತಿರುಗಿಸು.

ಆನೆ: ತಿತಿಮತಿ, ಸಿದ್ದಾಪುರ ಕಡೆ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಸ್ಕೂಟರ್ ಬೇಡವೇ ಬೇಡ. ಕಾರಿನಲ್ಲಿದ್ದು ಎದುರಾದರೆ ದೂರದಲ್ಲೇ ನಿಲ್ಲಿಸು, ಇಂಜಿನ್ ಆಫ್ ಮಾಡಬೇಡ, ಹಾರನ್ ಬೇಡ, ಹೈ ಬೀಮ್ ಬೇಡ, ನಿಧಾನವಾಗಿ ಹಿಂದೆ ಸರಿ. ಒಂದು ದಾಟಿತೆಂದು ಹೊರಡಬೇಡ, ಹಿಂದೆ ಮರಿ ಇರಬಹುದು.

ತೋಟದೊಳಗೆ ಜೀಪು ಕಲಿಯುವುದರ ಬಗ್ಗೆ ನಿನ್ನ ಮಾವಂದಿರೊಂದಿಗೆ ನನಗೆ ತಕರಾರಿದೆ. ಕ್ಲಚ್ಚು, ಗೇರು, ಅರ್ಧ ಕ್ಲಚ್ಚಿನಲ್ಲಿ ಏರಿನಲ್ಲಿ ಹೊರಡುವುದು ಅಲ್ಲಿ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಎದುರು ಯಾರೂ ಬರುವುದಿಲ್ಲ, ಕನ್ನಡಿ ನೋಡುವ ಅಗತ್ಯವಿಲ್ಲ, ನಡುರಸ್ತೆಯೇ ದಾರಿ. ಹದಿನಾಲ್ಕಕ್ಕೆ ತೋಟದಲ್ಲಿ ಕಲಿತ ಹುಡುಗರು ಹದಿನೆಂಟಕ್ಕೆ ಹೆದ್ದಾರಿಗೆ ಬರುವಾಗ ಕೈ ಪಳಗಿರುತ್ತದೆ, ಕಣ್ಣು ಹಾಗೇ ಇರುತ್ತದೆ. ನಾರ್ವೆಯ ಕತೆಯೇ, ಕಾಫಿ ಗಿಡದ ನಡುವೆ.

ಏಪ್ರಿಲ್‌ಗೆ ನಿನಗೆ 18. ಅಂದೇ ಕಲಿಕಾ ಲೈಸನ್ಸಿಗೆ ಅರ್ಜಿ ಹಾಕೋಣ. ಅದರ ಅವಧಿ 6 ತಿಂಗಳು, 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು 'ಎಲ್' ಫಲಕ, ಪಕ್ಕದಲ್ಲಿ ಲೈಸನ್ಸ್ ಇರುವವರು. ಸ್ಕೂಟರಿನಲ್ಲಿ ಹಿಂದೆ ಗೆಳತಿಯನ್ನು ಕೂರಿಸುವಂತಿಲ್ಲ. 30 ದಿನಕ್ಕೇ ಓಡಬೇಡ, ಆರೂ ತಿಂಗಳು ಬಳಸು. ನಮ್ಮ ಡ್ರೈವಿಂಗ್ ಸ್ಕೂಲಿನ ನಿಯಮದಲ್ಲಿ ಸ್ವಂತ ಕಾರಿಗೆ ಕನಿಷ್ಠ 10 ಗಂಟೆ ಓಡಿಸಿದರೆ ಆಯಿತು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ದೊಡ್ಡವರ ಜೊತೆ 50 ಗಂಟೆ, ಅದರಲ್ಲಿ 10 ರಾತ್ರಿಯಲ್ಲಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಿರಿಯರಿಗೆ 120 ಗಂಟೆ. ನ್ಯೂಜಿಲೆಂಡ್ 1987ರಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಲೈಸನ್ಸ್ ಕೊಡುವ ಕ್ರಮ ತಂದಿತು: ಮೊದಮೊದಲು ರಾತ್ರಿ ಇಲ್ಲ, ಗೆಳೆಯರನ್ನು ತುಂಬಿಕೊಳ್ಳುವಂತಿಲ್ಲ. ನಮ್ಮ ಕಾನೂನಿನಲ್ಲಿ ಆ ಮೆಟ್ಟಿಲುಗಳಿಲ್ಲ, ಲೈಸನ್ಸ್ ಬಂದ ರಾತ್ರಿಯೇ ಐದು ಜನರನ್ನು ಹತ್ತಿಸಿಕೊಂಡು ಘಾಟಿ ಇಳಿಯಬಹುದು. ಆದ್ದರಿಂದ ಮೆಟ್ಟಿಲನ್ನು ಮನೆಯಲ್ಲಿ ಕಟ್ಟಬೇಕು.

ಅಪ್ಪನ ಜೊತೆ 60 ಗಂಟೆ, ನೋಟ್‌ಬುಕ್ಕಿನಲ್ಲಿ ದಿನ, ರಸ್ತೆ, ಹವೆ ಬರೆದಿಡು. ಮೊದಲ 15 ಗಂಟೆ ಕುಶಾಲನಗರದ ಕಡೆಯ ಸಪಾಟು ರಸ್ತೆ, ಬೆಳಗ್ಗೆ. ಮುಂದಿನದು ಏರಿಳಿತ, ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿದು ಹಿಂದಕ್ಕೆ ಒಂದು ಗೇಣೂ ಉರುಳದೆ ಹೊರಡುವುದು ಕಲಿ, ಪರೀಕ್ಷೆಯ ಪಟ್ಟಿಯಲ್ಲೂ ಅದು ಇದೆ. ಆಮೇಲೆ ಮಳೆ, ಮಂಜು. ಕೊನೆಗೆ 10 ಗಂಟೆ ರಾತ್ರಿ. ಅಪ್ಪ ಬೈದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಕೇಳಿಸಿಕೋ, ಓಡಿಸುತ್ತಾ ವಾದ ಬೇಡ. ಅವರಿಗೂ ಇದನ್ನೇ ಹೇಳಿದ್ದೇನೆ. ಲೈಸನ್ಸ್ ಬಂದ ಮೇಲೆ ಆರು ತಿಂಗಳು ಗೆಳತಿಯರನ್ನು ಕೂರಿಸಿಕೊಳ್ಳುವ ಹಾಗಿಲ್ಲ. ನಿನ್ನ ವಯಸ್ಸಿನವರ ಗಾಡಿಯಲ್ಲಿ ಅದೇ ವಯಸ್ಸಿನವರು ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ, ಇದು ದೇಶ ದೇಶಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಪುತ್ತರಿಗೋ ಮಡಿಕೇರಿ ದಸರೆಯ ರಾತ್ರಿಗೋ ಅವರು ಕರೆದರೆ, ಅಮ್ಮ ಬಿಡುವುದಿಲ್ಲ ಅಂತ ನನ್ನ ಹೆಸರು ಹೇಳು.

ಹೆಲ್ಮೆಟ್ ಈಗಲೇ ಕೊಳ್ಳೋಣ, ಹಿಂದೆ ಕೂರುವಾಗಲೂ ಬೇಕಲ್ಲ. ಐಎಸ್‌ಐ ಗುರುತು, ಪೂರ್ತಿ ಮುಖ ಮುಚ್ಚುವುದು. ಪಟ್ಟಿ ಕಟ್ಟಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆಗೆ ಕೆನ್ನೆಯ ಚರ್ಮವೂ ಅಲುಗಬೇಕು, ಪಟ್ಟಿಯ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ನಿನ್ನ ತಲೆಯ ಸುತ್ತಳತೆಯನ್ನು ಹುಬ್ಬಿನ ಮೇಲಿಂದ ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಬರೆದು ಕಳಿಸು. ಹಿಂದೆ ಕೂತಾಗ ದುಪಟ್ಟಾ ಗಂಟು ಹಾಕಿರಬೇಕು, ಕೊಡೆ ಬಿಚ್ಚಬಾರದು.

ಅರ್ಜಿಯಲ್ಲಿ ರಕ್ತದ ಗುಂಪು ಕೇಳುತ್ತಾರೆ. ಶಾಲೆಯಲ್ಲಿ ಪರೀಕ್ಷೆ ಮಾಡಿಸಿದ ಚೀಟಿ ಬೀರುವಿನ ಮೇಲಿನ ತಟ್ಟೆಯಲ್ಲಿದೆ. ಶನಿವಾರ ಬಂದಾಗ ತೆಗೆದಿಡು, ಬಸ್ಸಿನಲ್ಲಿ ಎಷ್ಟು ಊಹೆ ತಪ್ಪಿತು ಅಂತಲೂ ಹೇಳು.

ನಿನ್ನ,
ಅಮ್ಮ